ನನ್ನ ಬೀಗದ ಕೈಗೆ ಇನ್ನೊಬ್ಬರ ಕಾರಿನ ಬಾಗಿಲು ತೆರೆಯಿತು, ಇದು ಹೇಗೆ?

ನೀರ್ಚಾಲಿನ ಅಂಗಳ
ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯ ಸುಡುಮದ್ದಿನ) ರಾತ್ರಿ ನಡೆದ ಸಂಗತಿಯನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಕೊನೆಗೆ ಬರೆಯುತ್ತಿದ್ದೇನೆ. ದೇವಸ್ಥಾನದಿಂದ ತುಸು ದೂರದ, ಕೊಯ್ಲು ಮುಗಿದ ಗದ್ದೆಯಲ್ಲಿ ಕಾರು ನಿಲ್ಲಿಸಿದ್ದೆ. ನನ್ನದು 2004ರ ಮಾದರಿಯ ಬಿಳಿಯ ಸಣ್ಣ ಕಾರು. ಕಂಪೆನಿಯ ಹೆಸರು ಬೇಡ. ನಮ್ಮ ಕಡೆ ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಎರಡು ಮನೆಗೊಂದರಂತೆ ನಿಂತಿರುವುದು ಅದೇ. ಬೆಡಿ ಮುಗಿದು ಹಿಂದಿರುಗುವಾಗ ಗದ್ದೆಯ ತುಂಬ ಹೊಗೆ, ಧೂಳು, ಕಣ್ಣಿಗೆ ಹೊಡೆಯುವ ಹೆಡ್‌ಲೈಟುಗಳು ತುಂಬಿಕೊಂಡಿದ್ದವು. ಕಾರಿನ ಬಳಿಗೆ ಹೋದೆ, ಬೀಗದ ಕೈ ಹಾಕಿ ತಿರುಗಿಸಿದೆ, ಬಾಗಿಲು ತೆರೆಯಿತು, ಒಳಗೆ ಕುಳಿತೆ. ಮೊಣಕಾಲು ಸ್ಟೀರಿಂಗಿಗೆ ತಾಗಿದಾಗ ಹೆಂಡತಿ ಸೀಟನ್ನು ಮುಂದಕ್ಕೆ ಎಳೆದಿರಬೇಕು ಎಂದುಕೊಂಡೆನೇ ಹೊರತು ಬೇರೆ ಸಂಶಯ ಬರಲಿಲ್ಲ. (ಆಕೆಗೆ ಕಾರು ಬಿಡಲು ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.)

ಎಂಜಿನ್ ಚಾಲೂ ಮಾಡಲು ಬೀಗದ ಕೈ ಹಾಕಿದರೆ ಅದು ಒಳಗೆ ಹೋಯಿತು, ಆದರೆ ತಿರುಗಲಿಲ್ಲ. ಆಗ ಕಣ್ಣೆತ್ತಿ ನೋಡಿದರೆ ಡ್ಯಾಶ್‌ಬೋರ್ಡಿನ ಮೇಲಿರಬೇಕಾದ ಮಧೂರು ಗಣಪತಿ ಇಲ್ಲ. ಕನ್ನಡಿಗೆ ತಸ್ಬೀಹ್ ಮಣಿ ತೂಗುತ್ತಿದೆ. ಹಿಂದಿನ ಸೀಟಿನಲ್ಲಿ ಮಗುವಿನ ಒಂಟಿ ಚಪ್ಪಲಿ ಬಿದ್ದಿದೆ. ನನ್ನ ಕಾರು ಮೂರು ಸಾಲು ಆಚೆ ನಿಂತಿತ್ತು. ಕೈಕಾಲು ನಡುಗುತ್ತಿದ್ದರೂ ಅದೇ ಬೀಗದ ಕೈಯಿಂದ ಆ ಬಾಗಿಲಿಗೆ ಮತ್ತೆ ಬೀಗ ಹಾಕಿ ಬಂದೆ. ಬೀಗ ಚೆನ್ನಾಗಿಯೇ ಬಿತ್ತು.

ಒಂದು ಕಾರಿನ ಬೀಗದ ಕೈ ಅದೇ ಮಾದರಿಯ ಇನ್ನೊಂದು ಕಾರನ್ನು ತೆರೆಯಬಲ್ಲುದೇ? ಹಾಗಿದ್ದರೆ ನನ್ನ ಕಾರನ್ನು ತೆರೆಯಬಲ್ಲವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇರಬಹುದು?

ಸಂಶಯದವನು
ಅವರು ಬೀಗ ಹಾಕಿರಲೇ ಇಲ್ಲ. ತೆರೆದೇ ಇದ್ದ ಬಾಗಿಲನ್ನು ನೀವು ತೆರೆದಿರಿ. ಇಷ್ಟೇ ಕತೆ.

ನೀರ್ಚಾಲಿನ ಅಂಗಳ
ಬೀಗ ಹಾಕಿತ್ತು. ಕಿಟಕಿಯ ಅಂಚಿನ ಗುಂಡಿ ಕೆಳಗಿದ್ದದ್ದನ್ನೂ ನಾನು ತಿರುಗಿಸಿದಾಗ ಮೇಲೆದ್ದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಅಲ್ಲದೆ, ಹೊಂದದ ಬೀಗದ ಕೈಯಿಂದ ಮತ್ತೆ ಬೀಗ ಹಾಕಲು ಹೇಗೆ ಸಾಧ್ಯವಾಯಿತು, ಹೇಳಿ.

ಹಳೇ ಸ್ಟೀರಿಂಗ್
ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆಯೋ ನನಗೆ ಅರ್ಥವಾಗುತ್ತಿಲ್ಲ. ನಾನು ಇಪ್ಪತ್ತೆರಡು ವರ್ಷ ಕಾಸರಗೋಡಿನ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಬಿಟ್ಟವನು. ಆಗಿನ ಆ ಉಬ್ಬು ಬೆನ್ನಿನ ಕಾರುಗಳಲ್ಲಿ ನನ್ನ ಬೀಗದ ಕೈಗೆ ಸ್ಟ್ಯಾಂಡಿನ ಇನ್ನೂ ಎರಡು ಕಾರುಗಳು ತೆರೆಯುತ್ತಿದ್ದವು, ಒಂದು ಚಾಲೂ ಕೂಡ ಆಗುತ್ತಿತ್ತು. ಒಬ್ಬರು ಊಟಕ್ಕೆ ಹೋದಾಗ ಸಾಲಿನಲ್ಲಿ ಅವರ ಕಾರನ್ನು ಮುಂದಕ್ಕೆ ತಳ್ಳುವ ಬದಲು ನಾವೇ ಬಿಟ್ಟು ಮುಂದೆ ನಿಲ್ಲಿಸುತ್ತಿದ್ದೆವು. ಯಾರೂ ಅದನ್ನು ಕಳ್ಳತನ ಎಂದದ್ದಿಲ್ಲ, ಅನುಕೂಲ ಎಂದೇ ತಿಳಿದಿದ್ದೆವು.

ಪೈವಳಿಕೆಯವಳು
ಸ್ಟೀರಿಂಗಣ್ಣ, ನಿಮ್ಮ ಅನುಕೂಲವೇ ಬೇರೆಯವರಿಗೆ ಭಯ ಎಂಬುದನ್ನೂ ಯೋಚಿಸಿ. ಹೆಣ್ಣುಮಕ್ಕಳು ರಾತ್ರಿ ಕಾರಿನೊಳಗೆ ಬೀಗ ಹಾಕಿಕೊಂಡು ಕುಳಿತಿರುವಾಗ ಹೊರಗಿನಿಂದ ಅಪರಿಚಿತರ ಬೀಗದ ಕೈ ತಿರುಗಿದರೆ ಹೇಗಿರುತ್ತದೆ?

ಬದಿಯಡ್ಕದ ಬೀಗದಂಗಡಿ
ನನ್ನ ಹೊಟ್ಟೆಪಾಡು ಇದೇ ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕಾರಿನ ಬಾಗಿಲಿನ ಬೀಗದೊಳಗೆ ತಿರುಗುವ ಒಂದು ಉರುಳೆ ಇರುತ್ತದೆ. ಅದರಲ್ಲಿ ಸಾಲಾಗಿ ತೆಳ್ಳಗಿನ ಹಿತ್ತಾಳೆಯ ತಗಡುಗಳನ್ನು ಕೂರಿಸಿರುತ್ತಾರೆ. ಅಂಗಡಿಯಲ್ಲಿ ನಾವು ಅವನ್ನು ಪ್ಲೇಟು ಎನ್ನುತ್ತೇವೆ. ಪ್ರತಿ ಪ್ಲೇಟಿನ ನಡುವೆ ಒಂದು ಕಿಂಡಿ, ಬದಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು. ಬೀಗದ ಕೈ ಇಲ್ಲದಾಗ ಸ್ಪ್ರಿಂಗುಗಳು ಪ್ಲೇಟುಗಳನ್ನು ಉರುಳೆಯಿಂದ ಹೊರಕ್ಕೆ ತಳ್ಳಿ ಸುತ್ತಲಿನ ಕವಚದ ಗಾಡಿಗೆ, ಅಂದರೆ ಉದ್ದನೆಯ ಕೊರೆತಕ್ಕೆ, ಸಿಕ್ಕಿಸಿಡುತ್ತವೆ, ಆದ್ದರಿಂದ ಉರುಳೆ ತಿರುಗುವುದಿಲ್ಲ. ಸರಿಯಾದ ಬೀಗದ ಕೈ ಒಳಗೆ ಬಂದಾಗ ಅದರ ಒಂದೊಂದು ಹಲ್ಲೂ ಒಂದೊಂದು ಪ್ಲೇಟನ್ನು ಬೇಕಾದಷ್ಟೇ ಎಳೆದು ಎಲ್ಲವನ್ನೂ ಉರುಳೆಯ ಮೈಗೆ ಸಮನಾಗಿ ನಿಲ್ಲಿಸುತ್ತದೆ. ಒಂದು ಪ್ಲೇಟು ಹೊರಗೆ ಉಳಿದರೂ ಬೀಗ ತೆರೆಯಬಾರದು.

“ತೆರೆಯಬಾರದು” ಎಂದದ್ದನ್ನು ಗಮನಿಸಿ. ಹೊಸ ಬೀಗದಲ್ಲಿ ತೆರೆಯುವುದಿಲ್ಲ. ಹಲ್ಲಿನ ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ವ್ಯತ್ಯಾಸ ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ. ಇಪ್ಪತ್ತು ವರ್ಷ ದಿನಕ್ಕೆ ನಾಲ್ಕು ಬಾರಿ ತಿರುಗಿದ ಬೀಗದಲ್ಲಿ ಪ್ಲೇಟುಗಳ ಅಂಚೂ ಕವಚದ ಗಾಡಿಯ ಅಂಚೂ ದುಂಡಗೆ ಸವೆದಿರುತ್ತವೆ. ಆಗ ಪ್ಲೇಟು ಸ್ವಲ್ಪ ಹೊರಗಿದ್ದರೂ ಜಾರಿ ತಿರುಗಿಬಿಡುತ್ತದೆ.

ನೀರ್ಚಾಲಿನವರಿಗೆ ಒಂದು ಪ್ರಶ್ನೆ ಇದೆ. ನಿಮ್ಮ ಕೈಯಲ್ಲಿದ್ದದ್ದು ಕಾರಿನ ಜೊತೆ ಬಂದ ಅಸಲು ಬೀಗದ ಕೈಯೋ ಅಥವಾ ಡೂಪ್ಲಿಕೇಟೋ?

ಲೆಕ್ಕದ ಮಾಸ್ಟ್ರು
ಸವೆತಕ್ಕೆ ಹೋಗುವ ಮೊದಲು ಎಣಿಕೆಯನ್ನೇ ನೋಡೋಣ, ಏಕೆಂದರೆ ಇಲ್ಲಿ ಎಲ್ಲರೂ ತಿಳಿದಷ್ಟು ಅಪರೂಪದ ಘಟನೆ ಇದಲ್ಲ. ಒಂದು ಬೀಗದಲ್ಲಿ 8 ಪ್ಲೇಟುಗಳಿವೆ, ಪ್ರತಿಯೊಂದಕ್ಕೂ 4 ಆಳಗಳಿವೆ ಎಂದುಕೊಂಡರೆ 4ನ್ನು ಎಂಟು ಬಾರಿ ಗುಣಿಸಿದಾಗ 65,536 ಬಗೆಯ ಬೀಗದ ಕೈಗಳಾಗುತ್ತವೆ. ಲಕ್ಷಗಟ್ಟಲೆ ಕಾರು ಮಾರುವ ಕಂಪೆನಿಗೆ ಅಷ್ಟೂ ಬಗೆ ಸಿಕ್ಕಿದರೂ ಒಂದೇ ಹಲ್ಲಿನ ಕಾರುಗಳು ದೇಶದಲ್ಲಿ ಹಲವು ಇರಲೇಬೇಕು. ಪಾರಿವಾಳಗಳು ಗೂಡಿಗಿಂತ ಹೆಚ್ಚಿದ್ದರೆ ಒಂದು ಗೂಡಿನಲ್ಲಿ ಎರಡು ಕೂರಲೇಬೇಕಲ್ಲವೇ? ಇನ್ನು ಎಲ್ಲ ಹಲ್ಲೂ ಒಂದೇ ಆಳದಲ್ಲಿರುವಂಥವನ್ನು ಬಿಡಬೇಕು, ಪಕ್ಕಪಕ್ಕದ ಹಲ್ಲುಗಳ ನಡುವೆ ಕಡಿದಾದ ಏರಿಳಿತವಿದ್ದರೆ ಬೀಗದ ಕೈ ಒಳಗೆ ಜಾರುವುದಿಲ್ಲವಾದ್ದರಿಂದ ಅಂಥವನ್ನೂ ಬಿಡಬೇಕು. ಹೀಗಾಗಿ ನಿಜವಾಗಿ ಬಳಕೆಗೆ ಬರುವ ಸಂಖ್ಯೆ ಇನ್ನೂ ಕುಗ್ಗುತ್ತದೆ.

ಲೆಕ್ಕ ಸುಲಭವಾಗಲೆಂದು 1,000 ಬಗೆ ಎಂದು ಇಟ್ಟುಕೊಳ್ಳಿ. ಬೆಡಿಯ ಗದ್ದೆಯಲ್ಲಿ ಅದೇ ಮಾದರಿಯ 38 ಕಾರುಗಳಿದ್ದರೆ, ನೀರ್ಚಾಲಿನವರ ಬೀಗದ ಕೈ ಉಳಿದ 37ರಲ್ಲಿ ಯಾವುದಾದರೊಂದಕ್ಕೆ ಹೊಂದುವ ಸಾಧ್ಯತೆ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆ. ಆದರೆ ಆ 38ರಲ್ಲಿ ಯಾವುದಾದರೂ ಎರಡು ಕಾರುಗಳು ಪರಸ್ಪರ ಹೊಂದುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು! ಏಕೆಂದರೆ 38 ಕಾರುಗಳಲ್ಲಿ 703 ಜೋಡಿಗಳಾಗುತ್ತವೆ. ತರಗತಿಯಲ್ಲಿ 23 ಮಕ್ಕಳಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಲೆಕ್ಕವೂ ಇದೇ ಜಾತಿಯದು. ನನ್ನ ಶಾಲೆಯಲ್ಲಿ ಪ್ರತಿವರ್ಷ ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತಿದ್ದೆ, ಪ್ರತಿವರ್ಷವೂ ಅವರು ನಂಬುತ್ತಿರಲಿಲ್ಲ.

ಸಂಶಯದವನು
ಮಾಸ್ಟ್ರೇ, ಜೋಡಿ ಹೊಂದುವುದು ಬೇರೆ. ಹೊಂದುವ ಆ ಕಾರಿನ ಬಳಿಗೇ ಕತ್ತಲೆಯಲ್ಲಿ ತಪ್ಪಿ ಹೋಗಿ ಬೀಗದ ಕೈ ಹಾಕುವುದು ಬೇರೆ. ನಿಮ್ಮ 703 ಜೋಡಿಗಳಲ್ಲಿ 702 ಜೋಡಿಗಳ ಮಾಲಕರು ತಮ್ಮ ತಮ್ಮ ಕಾರಿಗೇ ನೆಟ್ಟಗೆ ಹೋಗಿರುತ್ತಾರೆ.

ಲೆಕ್ಕದ ಮಾಸ್ಟ್ರು
ಈ ಆಕ್ಷೇಪವನ್ನು ಒಪ್ಪುತ್ತೇನೆ. ನನ್ನ ಲೆಕ್ಕ ಇಂಥದ್ದು ಎಲ್ಲಾದರೂ ನಡೆಯುತ್ತಲೇ ಇರುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಇವರಿಗೇ ಏಕೆ ನಡೆಯಿತು ಎಂಬುದನ್ನು ಹೇಳುವುದಿಲ್ಲ.

ಉಪ್ಪಳ ಗೇಟು
ಎಂಜಿನ್ ಚಾಲೂ ಆಗದಿರಲು ಕಾರಣ ಬೀಗದ ಕೈಯೊಳಗಿನ ಚಿಪ್. ಅದು ಹೊಂದದಿದ್ದರೆ ಬೀಗದ ಕೈ ತಿರುಗುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಪಾರಿವಾಳ, ಹುಟ್ಟುಹಬ್ಬ ಎಲ್ಲ ಏಕೆ?

ಶಾರ್ಜಾದಿಂದ
ಉಪ್ಪಳದವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ನಾನು ಕಾರುಗಳ ಎಲೆಕ್ಟ್ರಾನಿಕ್ಸ್ ಕೆಲಸದಲ್ಲೇ ಇರುವುದರಿಂದ ತಿದ್ದುತ್ತಿದ್ದೇನೆ.

ಚಿಪ್ ಬೀಗದ ಕೈಯನ್ನು ತಿರುಗದಂತೆ ತಡೆಯುವುದಿಲ್ಲ. ತಿರುಗಿಸುವುದೂ ತಡೆಯುವುದೂ ಬದಿಯಡ್ಕದವರು ವಿವರಿಸಿದ ಪ್ಲೇಟುಗಳ ಕೆಲಸ. ಚಿಪ್ ಇರುವ ಕಾರಿನಲ್ಲಿ ಹಲ್ಲು ಹೊಂದಿ ಚಿಪ್ ಮಾತ್ರ ಹೊಂದದಿದ್ದರೆ ಬೀಗದ ಕೈ ತಿರುಗುತ್ತದೆ, ದೀಪಗಳು ಉರಿಯುತ್ತವೆ, ಆದರೆ ಎಂಜಿನ್ ಹಿಡಿಯುವುದಿಲ್ಲ, ಇಲ್ಲವೇ ಹಿಡಿದ ಕ್ಷಣದಲ್ಲೇ ನಿಲ್ಲುತ್ತದೆ. ಬೀಗದ ಕೈಯ ಕಪ್ಪು ಪ್ಲಾಸ್ಟಿಕ್ ತಲೆಯೊಳಗಿನ ಆ ಚಿಪ್ಪಿಗೆ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ; ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವರ್ತನದಲ್ಲಿ ಕಾಂತಕ್ಷೇತ್ರವನ್ನು ಹಬ್ಬಿಸಿದಾಗ ಚಿಪ್ ಆ ಶಕ್ತಿಯಿಂದಲೇ ಎಚ್ಚರಗೊಂಡು ತನ್ನ ಗುರುತನ್ನು ಹೇಳುತ್ತದೆ. ಗುರುತು ಸರಿಯಿದ್ದರೆ ಮಾತ್ರ ಎಂಜಿನ್ನಿನ ಕಂಪ್ಯೂಟರ್ ಇಂಧನಕ್ಕೂ ಕಿಡಿಗೂ ಅನುಮತಿ ಕೊಡುತ್ತದೆ. ಇದನ್ನೇ ಇಮ್ಮೊಬಿಲೈಸರ್ ಎನ್ನುವುದು. ನೀರ್ಚಾಲಿನವರೇ, ನಿಮ್ಮ ಕಾರಿನಲ್ಲಿ ಅದು ಇದೆಯೇ?

ನೀರ್ಚಾಲಿನ ಅಂಗಳ
ಇಲ್ಲ. ಬರೀ ಲೋಹದ ಬೀಗದ ಕೈ, ಮೇಲೊಂದು ಪ್ಲಾಸ್ಟಿಕ್ ಟೊಪ್ಪಿ ಇದೆ. ರಿಮೋಟೂ ಇಲ್ಲ.

ಬದಿಯಡ್ಕದವರ ಪ್ರಶ್ನೆಗೆ ಉತ್ತರಿಸುವುದಾದರೆ, ನನ್ನ ಕೈಯಲ್ಲಿರುವುದು ಡೂಪ್ಲಿಕೇಟ್. ನಿಜ ಹೇಳಬೇಕೆಂದರೆ ಡೂಪ್ಲಿಕೇಟಿನ ಡೂಪ್ಲಿಕೇಟ್. ಅಸಲಿನಿಂದ ಒಂದನ್ನು ಮಾಡಿಸಿದ್ದೆ, ಅದು ಬಾವಿಕಟ್ಟೆಯಲ್ಲಿ ಬಿದ್ದು ಬಾಗಿದ ಮೇಲೆ ಅದರಿಂದಲೇ ಇನ್ನೊಂದನ್ನು ಮಾಡಿಸಿದೆ. ಅಸಲು ಹದಿನೈದು ವರ್ಷಗಳಿಂದ ಕಪಾಟಿನೊಳಗೆ ಜಮೀನಿನ ಕಾಗದಪತ್ರಗಳ ಜೊತೆ ಇದೆ.

ಬದಿಯಡ್ಕದ ಬೀಗದಂಗಡಿ
ನನಗೆ ಅದೇ ಸಂಶಯವಿತ್ತು. ನಮ್ಮ ಯಂತ್ರದಲ್ಲಿ ಒಂದು ಬದಿಗೆ ಹಳೆಯ ಬೀಗದ ಕೈ, ಇನ್ನೊಂದು ಬದಿಗೆ ಹಲ್ಲಿಲ್ಲದ ಹೊಸತು. ಹಳೆಯದರ ಮೇಲೆ ಮೊಳೆ ಸಾಗಿದಂತೆ ಹೊಸತರ ಮೇಲೆ ಚಕ್ರ ಕೊರೆಯುತ್ತದೆ. ಹಳೆಯದರಲ್ಲಿ ಸವೆದದ್ದು, ಬಾಗಿದ್ದು ಎಲ್ಲವನ್ನೂ ಹೊಸತು ನಿಷ್ಠೆಯಿಂದ ನಕಲು ಮಾಡುತ್ತದೆ, ಮೇಲಿಂದ ಹಿಡಿತ ಸರಿಯಿಲ್ಲದಿದ್ದರೆ ತನ್ನದೊಂದು ತಪ್ಪನ್ನೂ ಸೇರಿಸುತ್ತದೆ. ಎರಡನೆಯ ತಲೆಮಾರಿಗೆ ಬರುವಾಗ ಹಲ್ಲುಗಳು ಈ ಆಳಕ್ಕೂ ಸೇರದೆ ಆ ಆಳಕ್ಕೂ ಸೇರದೆ ನಡುವೆ ಎಲ್ಲೋ ನಿಂತಿರುತ್ತವೆ. ಅಂಥ ಬೀಗದ ಕೈ ಎಲ್ಲ ಬೀಗಕ್ಕೂ ಅಷ್ಟಿಷ್ಟು ಹತ್ತಿರ, ಯಾವುದಕ್ಕೂ ಪೂರ್ತಿ ಸರಿಯಲ್ಲ. ನಿಮ್ಮ ಕಾರಿಗೆ ಹಾಕಿದಾಗ ಸ್ವಲ್ಪ ಅಲುಗಾಡಿಸಬೇಕಾಗುತ್ತದೆ, ಅಲ್ಲವೇ?

ನೀರ್ಚಾಲಿನ ಅಂಗಳ
ಹೌದು, ಸ್ವಲ್ಪ ಹೊರಗೆಳೆದು ತಿರುಗಿಸಬೇಕು. ಅದು ನಮ್ಮ ಕಾರಿನ ಸ್ವಭಾವ ಎಂದುಕೊಂಡಿದ್ದೆ.

ಹಳೇ ಸ್ಟೀರಿಂಗ್
ಅಂದರೆ ನಮ್ಮ ಸ್ಟ್ಯಾಂಡಿನ ಕಾರುಗಳೂ ಸವೆತದಿಂದಲೇ ತೆರೆಯುತ್ತಿದ್ದವೇ? ಎಂಜಿನ್ ಓಡುತ್ತಿರುವಾಗಲೇ ಬೀಗದ ಕೈಯನ್ನು ಹೊರಗೆ ಎಳೆಯಲು ಬರುತ್ತಿತ್ತು, ಅದನ್ನು ನಾವು ಜಾಣತನ ಎಂದುಕೊಂಡಿದ್ದೆವು.

ಬದಿಯಡ್ಕದ ಬೀಗದಂಗಡಿ
ಅದು ಬೀಗ ಸತ್ತಿದೆ ಎಂಬುದರ ಲಕ್ಷಣ ಸ್ಟೀರಿಂಗಣ್ಣ.

ಉಪ್ಪಳ ಗೇಟು
ಚಿಪ್ಪಿನ ವಿಷಯದಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಆದರೆ ಬಾಗಿಲು ತೆರೆದ ಬೀಗದ ಕೈ ಇಗ್ನಿಷನ್ನಿನಲ್ಲಿ ಏಕೆ ತಿರುಗಲಿಲ್ಲ? ಎರಡಕ್ಕೂ ಒಂದೇ ಬೀಗದ ಕೈ ತಾನೇ?

ಬದಿಯಡ್ಕದ ಬೀಗದಂಗಡಿ
ಒಳ್ಳೆಯ ಪ್ರಶ್ನೆ. ಬೀಗದ ಕೈ ಒಂದೇ ಆದರೂ ಬೀಗಗಳು ಒಂದೇ ಅಲ್ಲ. ಹಲವು ಕಾರುಗಳಲ್ಲಿ ಬಾಗಿಲಿನ ಬೀಗಕ್ಕೆ ಇಗ್ನಿಷನ್ನಿಗಿಂತ ಕಡಿಮೆ ಪ್ಲೇಟು ಹಾಕಿರುತ್ತಾರೆ. ಬೀಗದ ಕೈಯ ಎಲ್ಲ ಹಲ್ಲುಗಳನ್ನೂ ಪರೀಕ್ಷಿಸುವುದು ಇಗ್ನಿಷನ್ ಮಾತ್ರ. ಎರಡನೆಯ ಕಾರಣ ನಮ್ಮ ಹವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಹೊಡೆಯುವ ಊರಿನಲ್ಲಿ ಬಾಗಿಲಿನ ಬೀಗ ಹೊರಗೆ ನಿಂತು ನೆನೆಯುತ್ತದೆ, ಇಗ್ನಿಷನ್ ಒಳಗೆ ಬೆಚ್ಚಗೆ ಕುಳಿತಿರುತ್ತದೆ. ಉಪ್ಪಳ, ಮಂಜೇಶ್ವರ ಕಡೆಯಿಂದ ಬರುವ ಬಾಗಿಲಿನ ಬೀಗಗಳನ್ನು ಬಿಚ್ಚಿದರೆ ಸ್ಪ್ರಿಂಗುಗಳು ತುಕ್ಕು ಹಿಡಿದು ತುಂಡಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸ್ಪ್ರಿಂಗು ಹೋದ ಪ್ಲೇಟು ಹೊರಕ್ಕೆ ಚಾಚುವುದೇ ಇಲ್ಲ, ಅಂದರೆ ಅದು ಇದ್ದೂ ಇಲ್ಲದಂತೆ.

ಪೈವಳಿಕೆಯವಳು
ಕಾರಿನದ್ದು ಹಾಗಿರಲಿ, ಸ್ಕೂಟರುಗಳ ಕತೆ ಇನ್ನೂ ಕಷ್ಟ. ಕಾಸರಗೋಡು ರೈಲ್ವೆ ನಿಲ್ದಾಣದ ಹೊರಗಿನಿಂದ ನನ್ನ ಅತ್ತಿಗೆ ಬೇರೆ ಯಾರದೋ ಸ್ಕೂಟರನ್ನು ತನ್ನದೆಂದು ತಿಳಿದು ಚೆರ್ಕಳದವರೆಗೆ ಓಡಿಸಿಕೊಂಡು ಹೋಗಿದ್ದಳು. ಪೆಟ್ರೋಲ್ ತುಂಬಿಸಲು ಸೀಟು ಎತ್ತಿದಾಗ ಅದರೊಳಗೆ ಎರಡು ಕಿಲೋ ಬೂತಾಯಿ ಮೀನು ಇತ್ತು. ನಾವು ಸಸ್ಯಾಹಾರಿಗಳು.

ಶಾರ್ಜಾದಿಂದ
ಮೀನು ಏನಾಯಿತು?

ಪೈವಳಿಕೆಯವಳು
ಮೀನನ್ನೂ ಸ್ಕೂಟರನ್ನೂ ಮಾಲಕರಿಗೆ ಮುಟ್ಟಿಸಿದಳು. ಅವರು ನಿಲ್ದಾಣದಲ್ಲಿ ಇವಳ ಸ್ಕೂಟರಿನ ಪಕ್ಕದಲ್ಲೇ ತಲೆಗೆ ಕೈಹೊತ್ತು ಕುಳಿತಿದ್ದರಂತೆ.

ಮುಳಿಯಾರಿನ ಓದುಗ
ಇಷ್ಟು ಹೊತ್ತು ಓದುತ್ತಿದ್ದೇನೆ, ಎಲ್ಲರೂ “ಬೀಗದ ಕೈ” ಎಂದೇ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ “ಚಾವಿ” ಎನ್ನುತ್ತೇವೆ, ನೆರೆಮನೆಯವರು ಮಲೆಯಾಳದಲ್ಲಿ “ತಾಕೋಲ್” ಎನ್ನುತ್ತಾರೆ, ಧಾರವಾಡದ ಸೊಸೆ “ಕೀಲಿಕೈ” ಎನ್ನುತ್ತಾಳೆ. ಬೀಗ ಒಂದೇ, ಅದಕ್ಕೆ ನಾಲ್ಕು ಹೆಸರಿನ ಕೈಗಳು.

ನಿರ್ವಾಹಕ
ಪದಗಳ ಚರ್ಚೆಗೆ ಬೇರೆ ವಿಭಾಗ ಇದೆ, ಸ್ಕೂಟರುಗಳಿಗೂ ಇದೆ. ದಯವಿಟ್ಟು ಕಾರಿಗೆ ಹಿಂದಿರುಗಿ.

ಚಂದ್ರಗಿರಿ ದಡ
ವಕೀಲಿಕೆ ಮಾಡುವವನಾದ್ದರಿಂದ ಒಂದು ಮಾತು. ನೀರ್ಚಾಲಿನವರು ನಡುಗಬೇಕಾದ ಕಾರಣವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲೂ, ಅದಕ್ಕೂ ಹಿಂದಿನ ದಂಡ ಸಂಹಿತೆಯ 378ರಲ್ಲೂ ಕಳ್ಳತನ ಎನ್ನಿಸಿಕೊಳ್ಳಲು ಅಪ್ರಾಮಾಣಿಕ ಉದ್ದೇಶ ಇರಬೇಕು, ವಸ್ತುವನ್ನು ಇದ್ದಲ್ಲಿಂದ ಕದಲಿಸಿರಬೇಕು. ನೀವು ತಪ್ಪಿ ಕುಳಿತಿರಿ, ತಪ್ಪು ತಿಳಿದ ಕೂಡಲೇ ಎದ್ದಿರಿ, ಮೇಲಿಂದ ಬೀಗವನ್ನೂ ಹಾಕಿದಿರಿ. ಆದರೆ “ತೆರೆಯುತ್ತದೆಯೋ ನೋಡೋಣ” ಎಂದು ಇನ್ನು ಮುಂದೆ ಊರಿನ ಬಿಳಿ ಕಾರುಗಳಿಗೆಲ್ಲ ಬೀಗದ ಕೈ ಹಾಕುತ್ತ ಹೋದರೆ ನಿಮ್ಮ ಉದ್ದೇಶವನ್ನು ಬೇರೆಯವರು ಬೇರೆ ರೀತಿ ಓದಿಯಾರು. ಪರೀಕ್ಷಿಸಬೇಕೆಂದಿದ್ದರೆ ಆ ಮಾಲಕರನ್ನು ಹುಡುಕಿ, ಅವರ ಎದುರಿಗೇ, ಅವರ ಒಪ್ಪಿಗೆಯಿಂದ ಪರೀಕ್ಷಿಸಿ.

ಇನ್ನೊಂದು ವಿಷಯ. ಕಾರು ಕಳವಾಗಿ ವಿಮೆಯ ಹಣ ಕೇಳುವಾಗ ಕಂಪೆನಿಯವರು ಸಾಮಾನ್ಯವಾಗಿ ಎರಡೂ ಅಸಲು ಬೀಗದ ಕೈಗಳನ್ನು ಕೇಳುತ್ತಾರೆ. ಕಪಾಟಿನಲ್ಲಿರುವುದನ್ನು ಕಳೆದುಕೊಳ್ಳಬೇಡಿ.

ಉಪ್ಪಳ ಗೇಟು
ಶಾರ್ಜಾದವರೇ, ಹೊಸ ಕಾರುಗಳಿಗೆ ಈ ಭಯವೇ ಇಲ್ಲ ಎನ್ನಬಹುದೇ? ನನ್ನ ಹಳೆಯ ಕಾರಿನ ರಿಮೋಟಿಗೆ ಎದುರುಮನೆಯವರ ಕಾರು ಒಮ್ಮೆ ಕೂಗಿ ಬಾಗಿಲು ತೆರೆದುಕೊಂಡಿತ್ತು.

ಶಾರ್ಜಾದಿಂದ
ನಿಮ್ಮಿಬ್ಬರದ್ದೂ ಅಂಗಡಿಯಲ್ಲಿ ಹೊರಗಿನಿಂದ ಕೂರಿಸಿದ ಅಲಾರಂ ಆಗಿದ್ದಿರಬೇಕು. ಅಂಥ ಅಗ್ಗದ ಹಳೆಯ ಅಲಾರಂಗಳಲ್ಲಿ ಪ್ರತಿಸಲವೂ ಒಂದೇ ಸಂಕೇತ ಹೋಗುತ್ತಿತ್ತು, ಇಬ್ಬರಿಗೆ ಒಂದೇ ಸಂಕೇತ ಬೀಳುವುದೂ ಸಾಧ್ಯವಿತ್ತು. ಕಾರ್ಖಾನೆಯಿಂದಲೇ ಬರುವ ಈಗಿನ ರಿಮೋಟುಗಳಲ್ಲಿ ಒತ್ತಿದ ಪ್ರತಿಸಲವೂ ಸಂಕೇತ ಬದಲಾಗುತ್ತದೆ. ರಿಮೋಟೂ ಕಾರೂ ಒಟ್ಟಿಗೇ ಎಣಿಸುತ್ತ ಹೋಗುತ್ತವೆ, ನಿನ್ನೆಯ ಸಂಕೇತವನ್ನು ಇಂದು ಕಾರು ಒಪ್ಪುವುದಿಲ್ಲ. ಹೀಗಾಗಿ ಒಂದೇ ಮಾದರಿಯ ಎರಡು ಹೊಸ ಕಾರುಗಳ ಬೀಗದ ಕೈಗಳು ಆಕಸ್ಮಿಕವಾಗಿ ಅದಲುಬದಲಾಗಿ ಕೆಲಸ ಮಾಡುವುದು ನಡೆಯುವ ಮಾತಲ್ಲ.

ಆದರೆ ಭಯವೇ ಇಲ್ಲ ಎಂದು ಹೇಳಲಾರೆ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಆಗ ಬಹಳ ಬಳಕೆಯಲ್ಲಿದ್ದ ಒಂದು ಚಿಪ್ಪಿನ 40 ಬಿಟ್‌ಗಳ ಗುಪ್ತ ಸಂಖ್ಯೆಯನ್ನು ಭೇದಿಸಿ ತೋರಿಸಿದ್ದರು. ಬೀಗದ ಕೈಯನ್ನು ಜೇಬಿನಿಂದ ತೆಗೆಯದೆಯೇ ತೆರೆಯುವ ಕಾರುಗಳ ಮೇಲೆ 2011ರಲ್ಲಿ ಸ್ವಿಟ್ಸರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರು ಪ್ರಯೋಗ ನಡೆಸಿ, ಮನೆಯೊಳಗಿನ ಬೀಗದ ಕೈಯ ಸಂಕೇತವನ್ನು ಅಂಗಳದ ಕಾರಿಗೆ ದಾಟಿಸಿ 10 ಮಾದರಿಗಳನ್ನು ತೆರೆದರು. ಅದು ಬೇಕೆಂದೇ ಮಾಡುವ ಕೆಲಸ, ನೀರ್ಚಾಲಿನವರಂತೆ ತಪ್ಪಿ ನಡೆಯುವುದಲ್ಲ.

ಸಂಶಯದವನು
ಹಾಗಾದರೆ ಈ ಚಿಪ್ಪನ್ನು ಮೊದಲಿನಿಂದಲೇ ಎಲ್ಲ ಕಾರುಗಳಿಗೂ ಏಕೆ ಹಾಕಲಿಲ್ಲ?

ಶಾರ್ಜಾದಿಂದ
ದುಡ್ಡು, ಮತ್ತು ಕಾನೂನು. ಬ್ರಿಟನ್ನಿನಲ್ಲಿ 1998ರಿಂದ, ಆಸ್ಟ್ರೇಲಿಯದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿರಲಿಲ್ಲ. ಅಲ್ಲಿ 2011ರಿಂದ 2021ರವರೆಗೆ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಂಪೆನಿಗಳ ಹಲವು ಮಾದರಿಗಳಲ್ಲಿ, ತಿರುಗಿಸುವ ಬೀಗದ ಕೈ ಇದ್ದವುಗಳಲ್ಲಿ, ಇಮ್ಮೊಬಿಲೈಸರ್ ಇರಲಿಲ್ಲ. ಅವನ್ನು ಕದಿಯುವ ಬಗೆಯನ್ನು ಹುಡುಗರು ಮೊಬೈಲಿನಲ್ಲಿ ಪರಸ್ಪರ ತೋರಿಸಿಕೊಂಡದ್ದರಿಂದ 2021ರ ನಂತರ ಆ ಕಾರುಗಳ ಕಳ್ಳತನ ವಿಪರೀತವಾಯಿತು. ಕೆನಡಾದಲ್ಲಿ ಅದೇ ಕಂಪೆನಿಗಳ ಕಾರುಗಳಿಗೆ ಚಿಪ್ ಇದ್ದೇ ಇತ್ತು. ಗಡಿ ದಾಟಿದರೆ ಬೀಗ ಬೇರೆ. ತಲಪಾಡಿಯ ಆಚೆಗೂ ಈಚೆಗೂ ಓಡಾಡುವ ನಮಗೆ ಗಡಿಯ ಮಹಿಮೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಲೆಕ್ಕದ ಮಾಸ್ಟ್ರು
ಚರ್ಚೆಯನ್ನು ಮುಗಿಸಬಲ್ಲ ಒಂದು ಪರೀಕ್ಷೆ ನನಗೆ ಹೊಳೆಯುತ್ತಿದೆ. ಎರಡೂ ಕಾರುಗಳ ಹಲ್ಲು ನಿಜವಾಗಿ ಒಂದೇ ಆಗಿದ್ದರೆ ಅವರ ಬೀಗದ ಕೈಯೂ ನೀರ್ಚಾಲಿನವರ ಕಾರನ್ನು ತೆರೆಯಬೇಕು, ಕಪಾಟಿನ ಅಸಲು ಕೂಡ ಅವರ ಕಾರನ್ನು ತೆರೆಯಬೇಕು. ಸವೆತವೇ ಕಾರಣವಾಗಿದ್ದರೆ ಇವೆರಡೂ ನಡೆಯಬಾರದು.

ಬದಿಯಡ್ಕದ ಬೀಗದಂಗಡಿ
ಮಾಸ್ಟ್ರು ಹೇಳಿದ್ದು ಸರಿ. ಜೊತೆಗೆ ಎಡಬದಿಯ ಬಾಗಿಲನ್ನೂ ನೋಡಬೇಕು. ಚಾಲಕನ ಬದಿಯ ಬೀಗದಷ್ಟು ಅದು ಬಳಕೆಯಾಗಿರುವುದಿಲ್ಲ. ಹಲ್ಲು ಒಂದೇ ಆಗಿದ್ದರೆ ಅದೂ ತೆರೆಯಬೇಕು.

ನೀರ್ಚಾಲಿನ ಅಂಗಳ
ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಆ ರಾತ್ರಿ ಗದ್ದೆಯಲ್ಲಿ ಕಾರುಗಳನ್ನು ನಿಲ್ಲಿಸುವ ವ್ಯವಸ್ಥೆ ನೋಡಿಕೊಂಡಿದ್ದ ಹುಡುಗನಿಗೆ ಆ ಕಾರಿನವರ ಪರಿಚಯವಿತ್ತು. ಉಪ್ಪಳದ ಕಡೆಯ ಶಾಲಾ ಅಧ್ಯಾಪಕರು. ಫೋನಿನಲ್ಲಿ ವಿಷಯ ಹೇಳಿದಾಗ ಒಂದು ನಿಮಿಷ ಮಾತೇ ಆಡಲಿಲ್ಲ, ಆಮೇಲೆ “ನಮ್ಮ ಸೀಟನ್ನು ಹಿಂದಕ್ಕೆ ತಳ್ಳಿದ್ದು ನೀವೋ ಮಾರಾಯ್ರೆ, ಮನೆಯಲ್ಲಿ ಅದಕ್ಕೆ ದೊಡ್ಡ ಜಗಳವೇ ಆಗಿತ್ತು” ಎಂದರು. ಕಳೆದ ಭಾನುವಾರ ಅವರ ಮನೆಯಂಗಳದಲ್ಲಿ ಎರಡು ಕಾರುಗಳನ್ನೂ ಅಕ್ಕಪಕ್ಕ ನಿಲ್ಲಿಸಿ ಪರೀಕ್ಷಿಸಿದೆವು.

ನನ್ನ ಡೂಪ್ಲಿಕೇಟಿಗೆ ಅವರ ಚಾಲಕನ ಬದಿಯ ಬಾಗಿಲು ತೆರೆಯಿತು, ಹತ್ತು ಸಲದಲ್ಲಿ ಏಳು ಸಲ. ಎಡಬದಿಯ ಬಾಗಿಲು ಒಂದು ಸಲವೂ ತೆರೆಯಲಿಲ್ಲ. ಡಿಕ್ಕಿ ತೆರೆಯಲಿಲ್ಲ. ಇಗ್ನಿಷನ್ ತಿರುಗಲಿಲ್ಲ. ಕಪಾಟಿನಿಂದ ತೆಗೆದುಕೊಂಡು ಹೋಗಿದ್ದ ಅಸಲಿಗೆ ಅವರ ಯಾವ ಬಾಗಿಲೂ ತೆರೆಯಲಿಲ್ಲ. ಅವರ ಬೀಗದ ಕೈಗೆ ನನ್ನ ಕಾರಿನ ಯಾವ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಅವರ ಮಗಳು ತನ್ನ ಸೈಕಲಿನ ಬೀಗದ ಕೈಯನ್ನು ತಂದು ಅಪ್ಪನ ಚಾಲಕನ ಬದಿಯ ಬಾಗಿಲಿಗೆ ಹಾಕಿ ತಿರುಗಿಸಿದಳು. ಅದಕ್ಕೂ ತೆರೆಯಿತು.

ಸಂಶಯದವನು
ಸೈಕಲಿನದ್ದಕ್ಕೆ!

ಲೆಕ್ಕದ ಮಾಸ್ಟ್ರು
ಹಾಗಿದ್ದರೆ ನನ್ನ 703 ಜೋಡಿಗಳನ್ನು ಹಿಂದಕ್ಕೆ ಪಡೆಯುತ್ತೇನೆ. ಲೆಕ್ಕ ತಪ್ಪಲ್ಲ, ಆದರೆ ಇಲ್ಲಿಯದಲ್ಲ.

ಬದಿಯಡ್ಕದ ಬೀಗದಂಗಡಿ
ಅವರ ಆ ಬೀಗದಲ್ಲಿ ಒಂದೋ ಎರಡೋ ಪ್ಲೇಟು ಮಾತ್ರ ಜೀವಂತ ಇರಬೇಕು. ಅದಕ್ಕೆ ಅವರು ಎಣ್ಣೆ ಬಿಡುತ್ತಿದ್ದರೇ, ಕೇಳಿದಿರಾ?

ನೀರ್ಚಾಲಿನ ಅಂಗಳ
ಕೇಳಿದೆ. ಬೀಗ ಬಿಗಿಯಾದಾಗಲೆಲ್ಲ ತೆಂಗಿನೆಣ್ಣೆ ಬಿಡುತ್ತಿದ್ದರಂತೆ. ನಾನೂ ಬಿಡುತ್ತೇನೆ. ಬಿಡಬಾರದೇ?

ಬದಿಯಡ್ಕದ ಬೀಗದಂಗಡಿ
ಬಿಡಬಾರದು. ತೆಂಗಿನೆಣ್ಣೆ ಕೆಲವು ದಿನ ಜಾರುತ್ತದೆ, ಆಮೇಲೆ ಧೂಳು ಸೇರಿ ಮೇಣದಂತಾಗಿ ಪ್ಲೇಟುಗಳನ್ನು ಒಳಗೇ ಅಂಟಿಸಿಬಿಡುತ್ತದೆ. ಗ್ರಾಫೈಟ್ ಪುಡಿ ಸಿಗುತ್ತದೆ, ಅದನ್ನು ಚಿಟಿಕೆಯಷ್ಟು ಊದಿದರೆ ಸಾಕು. ಅಧ್ಯಾಪಕರ ಬೀಗವನ್ನು ಬಿಚ್ಚಿ ತೊಳೆದು, ಸ್ಪ್ರಿಂಗೂ ಪ್ಲೇಟೂ ಬದಲಾಯಿಸಿದರೆ ಅವರದೇ ಬೀಗದ ಕೈಗೆ ಹೊಂದುವಂತೆ ಕೂರಿಸಬಹುದು; ಪೂರ್ತಿ ಲಾಕ್ ಸೆಟ್ ಬದಲಿಸಬೇಕಾಗಿಲ್ಲ. ಕವಚದ ಗಾಡಿಯೇ ಸವೆದಿದ್ದರೆ ಮಾತ್ರ ಹೊಸ ಬೀಗ ಬೇಕು. ನಿಮ್ಮದಕ್ಕೆ ಆ ಡೂಪ್ಲಿಕೇಟನ್ನು ಎಸೆದು ಅಸಲಿನಿಂದ ಹೊಸತೊಂದನ್ನು ಕೊರೆಸಿ. ಅಸಲಿನ ಜೊತೆ ಸಣ್ಣ ತಗಡಿನ ಬಿಲ್ಲೆಯ ಮೇಲೆ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಆ ಸಂಖ್ಯೆಯಿಂದ ಕಾರ್ಖಾನೆಯ ಅಳತೆಯಲ್ಲೇ ಕೊರೆಯಬಹುದು, ಯಾರ ಸವೆತವೂ ಅದಕ್ಕೆ ಬರುವುದಿಲ್ಲ. ಬಿಲ್ಲೆಯ ಚಿತ್ರವನ್ನು ಮಾತ್ರ ಇಲ್ಲಿ ಹಾಕಬೇಡಿ.

ಹಳೇ ಸ್ಟೀರಿಂಗ್
ಎಸೆಯುವುದಾದರೆ ಆ ಡೂಪ್ಲಿಕೇಟನ್ನು ನನಗೆ ಕೊಡಿ, ಮನೆಯ ಬಚ್ಚಲಿನ ಬೀಗ ಸಿಕ್ಕಿಕೊಂಡಿದೆ.

ಚಂದ್ರಗಿರಿ ದಡ
ದಯವಿಟ್ಟು ಕೊಡಬೇಡಿ. ತುಂಡು ಮಾಡಿ ಎಸೆಯಿರಿ.

ನೀರ್ಚಾಲಿನ ಅಂಗಳ
ತುಂಡು ಮಾಡಿಯಾಯಿತು. ಬಿಲ್ಲೆಯೂ ಜಮೀನಿನ ಕಾಗದದ ನಡುವೆ ಸಿಕ್ಕಿತು. ಬುಧವಾರ ಅಧ್ಯಾಪಕರೂ ನಾನೂ ಒಟ್ಟಿಗೇ ಬದಿಯಡ್ಕಕ್ಕೆ ಬರುತ್ತೇವೆ, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ?

ಬದಿಯಡ್ಕದ ಬೀಗದಂಗಡಿ
ಒಂಬತ್ತೂವರೆಗೆ. ನಾನು ಬರುವುದು ತಡವಾದರೆ ಹೊರಗೇ ಕುಳಿತಿರಿ, ದಯವಿಟ್ಟು ಅಂಗಡಿಯ ಬೀಗವನ್ನು ಪರೀಕ್ಷಿಸಬೇಡಿ.